ಗೋಲ್ ಕಿಕ್‌ಗೆ ಆಫ್‌ಸೈಡ್ ಇಲ್ಲ ಕಣ್ರೋ: ನಮ್ಮ ಕಾಲೇಜು ತಂಡದ ಈ ಸೀಸನ್ ಬಗ್ಗೆ

ಹಳೇ ಲೆಫ್ಟ್‌ಬ್ಯಾಕ್

ಫೈನಲ್ ಮುಗಿದು ಹತ್ತು ದಿನ ಆಯಿತು. ವಾಟ್ಸಾಪ್ ಗ್ರೂಪಿನಲ್ಲಿ ಲೈನ್ಸ್‌ಮನ್‌ಗೆ (ಗೆರೆ ಪಕ್ಕ ಬಾವುಟ ಹಿಡಿದು ನಿಲ್ಲುವವನು) ಬೈಗುಳ ಇನ್ನೂ ನಿಂತಿಲ್ಲ. ಅಲ್ಲಿ ಉದ್ದಕ್ಕೆ ಬರೆದರೆ ಯಾರೂ ಓದುವುದಿಲ್ಲ, ಮಧ್ಯದಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಫೋಟೋ ಹಾಕುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಕಾಲೇಜು ಬಿಟ್ಟು ಹನ್ನೆರಡು ವರ್ಷ. ಎರಡು ಸೀಸನ್ ತಂಡದಲ್ಲಿದ್ದೆ, ಅದರಲ್ಲಿ ಒಂದನ್ನು ಪೂರ್ತಿ ಬೆಂಚಿನಲ್ಲೇ ಕಳೆದೆ. ಈ ವರ್ಷ ಕೆಲಸಕ್ಕೆ ಅರ್ಧರ್ಧ ದಿನ ರಜೆ ಹಾಕಿ ಐದೂ ಪಂದ್ಯ ನೋಡಿದೆ. ಮೊದಲನೇದು 4-0. ಎರಡನೇದು 2-1. ಕ್ವಾರ್ಟರ್ ಫೈನಲ್ ಮಂಡ್ಯದಲ್ಲಿ, 3-0 ಮುಂದಿದ್ದವರು ಕೊನೆಗೆ 3-2ಕ್ಕೆ ಉಸಿರು ಬಿಗಿಹಿಡಿದು ಗೆದ್ದೆವು. ಸೆಮಿಫೈನಲ್ 1-1, ಪೆನಾಲ್ಟಿಯಲ್ಲಿ ಪಾರಾದೆವು. ಫೈನಲ್ 1-2, ಸೋತೆವು.

ಹೊಡೆದದ್ದು ಹನ್ನೊಂದು, ತಿಂದದ್ದು ಆರು. ಕೇಳೋಕೆ ಚೆನ್ನಾಗಿದೆ. ಆದರೆ ಆ ಆರರಲ್ಲಿ ಐದು ಗೋಲು 50ನೇ ನಿಮಿಷ ದಾಟಿದ ಮೇಲೆ ಬಿದ್ದವು, ಅದೂ 35 ನಿಮಿಷದ ಎರಡು ಅರ್ಧ ಆಡುವ ಟೂರ್ನಿಯಲ್ಲಿ. ಪೂರ್ತಿ 90 ನಿಮಿಷ ಆಡಿಸಿದ್ದರೆ ಏನು ಕಥೆಯೋ.

ಫೈನಲ್‌ನ ಆ ಗೋಲನ್ನು ನಾನು ಕಂಡ ಹಾಗೆ ಹೇಳುತ್ತೇನೆ. 54ನೇ ನಿಮಿಷ, ನಾವು 1-0 ಮುಂದೆ. ಚೆಂಡು ಅವರ ಗೋಲ್ ಲೈನ್ ದಾಟಿ ಹೊರಗೆ ಹೋಯಿತು. ಅವರ ಕೀಪರ್ ಗೋಲ್ ಕಿಕ್‌ಗೆ ಚೆಂಡು ಇಟ್ಟ. ಅವರ ಒಂಬತ್ತನೇ ನಂಬರ್ ಹುಡುಗ ನಮ್ಮ ಇಬ್ಬರು ಸ್ಟಾಪರ್‌ಗಳ, ಅಂದರೆ ನಡುವಿನ ಡಿಫೆಂಡರ್‌ಗಳ, ಬೆನ್ನ ಹಿಂದೆ ನಿಂತಿದ್ದ. ಬಗ್ಗಿ ಸಾಕ್ಸ್ ಎಳೆದುಕೊಳ್ಳುತ್ತಿದ್ದ, ಅಷ್ಟು ಆರಾಮಾಗಿ. ಗಾಳಿ ಬೇರೆ ಅವರ ಕಡೆ. ಚೆಂಡು ಎತ್ತರಕ್ಕೆ ಹೋಗಿ, ನಮ್ಮವರ ತಲೆ ಮೇಲೆ ದಾಟಿ, ಒಂದು ಪುಟ ಬಿದ್ದು ಅವನ ಕಾಲಿಗೆ ಬಂತು. ನಮ್ಮ ನಾಲ್ಕೂ ಡಿಫೆಂಡರ್‌ಗಳು ಬಸ್ಸಿಗೆ ಕೈ ಅಡ್ಡ ಹಾಕುವವರ ಹಾಗೆ ಕೈ ಎತ್ತಿ ನಿಂತರು, ಆಫ್‌ಸೈಡ್ ಅಂತ. (ತನ್ನವನು ಪಾಸ್ ಕೊಡುವಾಗ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಹತ್ತಿರ ಕಾದು ನಿಂತರೆ ಅದು ಆಫ್‌ಸೈಡ್, ಮಾಮೂಲಿ ಆಟದಲ್ಲಿ ತಪ್ಪು.) ಒಬ್ಬನೂ ಓಡಲಿಲ್ಲ. ಅವನು ನಾಲ್ಕು ಹೆಜ್ಜೆ ಹಾಕಿ ಸುಮ್ನೆ ಒಳಗೆ ತಳ್ಳಿದ.

ಆಮೇಲೆ ಐದು ನಿಮಿಷ ಲೈನ್ಸ್‌ಮನ್ ಸುತ್ತ ಗಲಾಟೆ. ನಮ್ಮ ಕ್ಯಾಪ್ಟನ್‌ಗೆ ಹಳದಿ ಕಾರ್ಡ್. ಕಣ್ರೋ, ಗೋಲ್ ಕಿಕ್‌ಗೆ ಆಫ್‌ಸೈಡ್ ಇಲ್ಲ! ನಮ್ಮ ಹುಡುಗರಿಗೆ ಇದು ಯಾಕೆ ಗೊತ್ತಿರಲಿಲ್ಲ ಅನ್ನುವುದೇ ನನ್ನ ಪ್ರಶ್ನೆ. ಎಲ್ಲ ಒಳ್ಳೆಯ ಆಟಗಾರರೇ.

ಮೊಹಲ್ಲಾ ನಂಬರ್ 10

ಗುರು, ರೂಲ್ಸ್ ಪಕ್ಕಕ್ಕಿಡು. ಸ್ಟ್ಯಾಮಿನಾ ಇಲ್ಲ ಅಷ್ಟೇ. ನಮ್ಮ ಕಾಲದಲ್ಲಿ ಭಾನುವಾರ ಬೆಳಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಬುಧವಾರ ಕುಕ್ಕರಹಳ್ಳಿ ಕೆರೆ ಸುತ್ತ ಎರಡು ರೌಂಡ್. ನಂದಿ ಹತ್ತಿರ ಬರುವಷ್ಟರಲ್ಲಿ ಅರ್ಧ ತಂಡ ವಾಂತಿ ಮಾಡುತ್ತಿತ್ತು. ಈಗಿನ ಹುಡುಗರು ಕೆರೆಗೆ ಹೋಗುವುದು ರೀಲ್ಸ್ ಮಾಡೋಕೆ.

ಇನ್ನೊಂದು ವಿಷಯ. ಫೈನಲ್‌ನಲ್ಲಿ ಬದಲಿ ಆಟಗಾರರನ್ನು ಇಳಿಸಿದ್ದೇ 60ನೇ ನಿಮಿಷಕ್ಕೆ. ಪಿಡಿ ಸರ್ (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು) ಏನು ನೋಡುತ್ತಿದ್ದರು?

ಬೆಂಚಿನ ಹುಡುಗ

ಅಣ್ಣ, ಆ 60ನೇ ನಿಮಿಷಕ್ಕೆ ಇಳಿದವನು ನಾನೇ. ಪಿಡಿ ಸರ್‌ಗೆ ಬೈಬೇಡಿ ದಯವಿಟ್ಟು. ಅವರೊಬ್ಬರೇ ಕಬಡ್ಡಿ, ಖೋಖೋ, ವಾಲಿಬಾಲ್, ಅಥ್ಲೆಟಿಕ್ಸ್, ಫುಟ್‌ಬಾಲ್ ಎಲ್ಲ ನೋಡಿಕೊಳ್ಳಬೇಕು. ಫೈನಲ್ ದಿನ ಖೋಖೋ ಹುಡುಗಿಯರದ್ದೂ ಪಂದ್ಯ ಇತ್ತು, ಬೆಳಗ್ಗೆ ಅಲ್ಲಿದ್ದು ಹಾಫ್ ಟೈಮ್‌ಗೆ ನಮ್ಮ ಹತ್ತಿರ ಬಂದರು. ಬಾಳೆಹಣ್ಣು, ಗ್ಲೂಕೋಸ್ ಅವರೇ ತಂದಿದ್ದರು, ಸ್ವಂತ ದುಡ್ಡಲ್ಲಿ. ಮತ್ತೆ ಬೆಂಚಿನಲ್ಲಿ ಇದ್ದದ್ದೇ ಮೂರು ಜನ. ಇಬ್ಬರು ರೆಗ್ಯುಲರ್ ಆಟಗಾರರಿಗೆ ಅಟೆಂಡೆನ್ಸ್ ಶಾರ್ಟೇಜ್, 75 ಪರ್ಸೆಂಟ್ ಮುಟ್ಟದೆ ಇದ್ದರೆ ಪರೀಕ್ಷೆಗೆ ಕೂರಿಸಲ್ಲ ಅಂತ ಮನೆಗೆ ಫೋನ್ ಹೋಗಿತ್ತು. ಒಬ್ಬನ ಅಪ್ಪ ನೇರ ಹಾಸ್ಟೆಲ್‌ಗೇ ಬಂದುಬಿಟ್ಟಿದ್ದರು.

ಲೆಫ್ಟ್‌ಬ್ಯಾಕ್ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾ? ನಾವು ಪ್ರಾಕ್ಟೀಸ್ ಮಾಡುವುದು ಟರ್ಫ್‌ನಲ್ಲಿ, ಅಂದರೆ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಚಿಕ್ಕ ಮೈದಾನದಲ್ಲಿ. ಕಾಲೇಜು ಮೈದಾನದ ನಟ್ಟನಡುವೆ ಕ್ರಿಕೆಟ್ ಪಿಚ್ ಇದೆ, ಸುತ್ತ ಹಗ್ಗ. ಅದರ ಮೇಲೆ ಸ್ಟಡ್ಸ್ ಹಾಕಿಕೊಂಡು ಕಾಲಿಟ್ಟರೆ ಕ್ರಿಕೆಟ್‌ನವರು ಹೊಡೆಯೋಕೆ ಬರುತ್ತಾರೆ. ಉಳಿದ ಜಾಗದಲ್ಲಿ ಸಂಜೆ ಹೊತ್ತು ಬೈಕ್ ಕಲಿಯುವವರು. ಹಾಗಾಗಿ ಹತ್ತು ಜನ ದುಡ್ಡು ಸೇರಿಸಿ ರಾತ್ರಿ ಒಂದು ಗಂಟೆ ಟರ್ಫ್ ಬುಕ್ ಮಾಡುತ್ತೇವೆ. ಐದು ಐದು ಜನ. ಅಲ್ಲಿ ಆಫ್‌ಸೈಡ್ ಅನ್ನೋದೇ ಇಲ್ಲ. ಚೆಂಡು ಹೊರಗೆ ಹೋಗಲ್ಲ, ನೆಟ್‌ಗೆ ಬಡಿದು ವಾಪಸ್ ಬರುತ್ತದೆ. ಥ್ರೋ ಇಲ್ಲ, ತಲೆಯಿಂದ ಹೊಡೆಯುವುದಂತೂ ಇಲ್ಲವೇ ಇಲ್ಲ. ಸತ್ಯ ಹೇಳಬೇಕು ಅಂದರೆ ಸೀಸನ್‌ನ ಮೊದಲ ಪಂದ್ಯಕ್ಕೆ ಮುಂಚೆ ನಾವು ಹನ್ನೊಂದು ಜನ ಒಟ್ಟಿಗೆ ಒಂದು ದಿನವೂ ಆಡಿರಲಿಲ್ಲ.

ಹಳೇ ಲೆಫ್ಟ್‌ಬ್ಯಾಕ್

ಒಂದು ದಿನವೂ?

ಬೆಂಚಿನ ಹುಡುಗ

ಇಲ್ಲ ಅಣ್ಣ. ಒಂದು ಸಲ ಒಂಬತ್ತು ಜನ ಸೇರಿದ್ದೆವು, ಮಳೆ ಬಂತು.

ಸಕ್ಕರೆ ನಾಡು

ಮಂಡ್ಯದ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾಳಿ ಕಡೆ ಕೂತಿದ್ದವನು ನಾನು. ನಮ್ಮ ತಮ್ಮ ಆ ತಂಡದ ರೈಟ್ ವಿಂಗ್. ಈಗ ಎಲ್ಲ ಅರ್ಥವಾಯಿತು ನೋಡಿ.

ಮೊದಲ ಅರ್ಧ ನಿಮ್ಮವರು ನಮ್ಮವರನ್ನು ಬುಗುರಿ ಆಡಿಸಿದರು, ಸುಳ್ಳು ಹೇಳಬಾರದು. ಪಟ್ ಪಟ್ ಅಂತ ಚಿಕ್ಕ ಚಿಕ್ಕ ಪಾಸು, ಸಂದಿಯಲ್ಲಿ ಮೂರು ಜನರನ್ನು ದಾಟಿ ಹೋಗುತ್ತಿದ್ದರು. ನಮ್ಮ ಹುಡುಗರಿಗೆ ಚೆಂಡೇ ಸಿಗಲಿಲ್ಲ. ಹಾಫ್ ಟೈಮ್‌ನಲ್ಲಿ ನಮ್ಮ ಕಡೆ ಒಬ್ಬರು ಹಿರಿಯರು, ಹಿಂದೆ ಪೊಲೀಸ್ ತಂಡಕ್ಕೆ ಆಡಿದವರು, ಬಂದು ಒಂದೇ ಮಾತು ಹೇಳಿದರು. "ಲೋ, ಅವ್ರು ಹನ್ನೊಂದೂ ಜನ ಒಂದೇ ಮೂಲೇಲಿ ಅವ್ರೆ. ಆ ಕಡೆ ಮೂಲೆ ಖಾಲಿ ಬಿದ್ದದೆ. ಎತ್ತಿ ಹೊಡೀರ್ಲಾ ಅಲ್ಲಿಗೆ."

ಅಷ್ಟೇ ಮಾಡಿದ್ದು. ಎಡಗಡೆಯಿಂದ ಬಲಗಡೆಗೆ ಉದ್ದ ಚೆಂಡು. ನಿಮ್ಮವರು ಎಲ್ಲ ಒಟ್ಟಿಗೆ ಆ ಕಡೆ ಓಡುವುದು, ಮತ್ತೆ ಈ ಕಡೆ ಎತ್ತಿದರೆ ಎಲ್ಲ ಒಟ್ಟಿಗೆ ಈ ಕಡೆ ಓಡುವುದು. ಹತ್ತು ಸಲ ಹಾಗೆ ಓಡಿಸಿದರೆ ಎತ್ತೂ ನೊಗ ಕೆಳಗೆ ಹಾಕುತ್ತದೆ. 55 ನಿಮಿಷಕ್ಕೆ ನಿಮ್ಮ ರೈಟ್ ಬ್ಯಾಕ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ. ಇನ್ನು ಐದು ನಿಮಿಷ ಸಿಕ್ಕಿದ್ದರೆ ನಾವು ಮೂರನೇದೂ ಹಾಕಿ ಪೆನಾಲ್ಟಿಗೆ ಎಳೆಯುತ್ತಿದ್ದೆವು. ಬೇಜಾರು ಮಾಡಿಕೊಳ್ಳಬೇಡಿ, ಪಂದ್ಯ ಮುಗಿದ ಮೇಲೆ ವಡೆ ಕಾಫಿ ನಾವೇ ಕೊಡಿಸಿದೆವಲ್ಲ.

ಹಳೇ ಲೆಫ್ಟ್‌ಬ್ಯಾಕ್

ವಡೆ ಚೆನ್ನಾಗಿತ್ತು, ಒಪ್ಪುತ್ತೇನೆ. ನೀವು ಹೇಳಿದ್ದರಲ್ಲಿ ನನಗೆ ಬೆಳಕು ಬಿತ್ತು. ನಾನು ಇದನ್ನು ಸುಸ್ತು ಅಂದುಕೊಂಡಿದ್ದೆ. ಸುಸ್ತು ಹೌದು, ಆದರೆ ಬೆಟ್ಟ ಹತ್ತಿದರೆ ಹೋಗುವ ಸುಸ್ತಲ್ಲ ಇದು. ಟರ್ಫ್ 40 ಮೀಟರ್ ಉದ್ದ ಇದ್ದರೆ ಹೆಚ್ಚು. ಅಲ್ಲಿ ಚೆಂಡು ಎಲ್ಲಿದ್ದರೂ ನಿನಗೆ ಹತ್ತು ಹೆಜ್ಜೆ ದೂರ, ಆದ್ದರಿಂದ ಎಲ್ಲರೂ ಚೆಂಡಿನ ಹಿಂದೆ ಓಡುವುದೇ ಸರಿ. ಪೂರ್ತಿ ಮೈದಾನ ಕಡಿಮೆ ಅಂದರೂ 90 ಮೀಟರ್ ಇರಬೇಕು ಅಂತ ನಿಯಮ. ಅಲ್ಲಿ ಹಾಗೆ ಓಡಿದರೆ ಸತ್ತೇ ಹೋಗುತ್ತೀಯ. ಎಲ್ಲಿ ಓಡಬಾರದು ಅನ್ನುವುದು ಗೊತ್ತಿದ್ದರೆ ಅರ್ಧ ಸ್ಟ್ಯಾಮಿನಾ ಉಳಿಯುತ್ತದೆ. ನಾನು ಆಡುವಾಗ ನಮ್ಮ ಸ್ಟಾಪರ್ ಒಬ್ಬ ಸಿಗರೇಟು ಸೇದುತ್ತಿದ್ದ, ಆದರೂ ಕೊನೆ ನಿಮಿಷದವರೆಗೆ ನಿಂತ ಜಾಗ ಬಿಟ್ಟುಕೊಡುತ್ತಿರಲಿಲ್ಲ. (ಸಿಗರೇಟು ಸೇದಿ ಅಂತ ಹೇಳುತ್ತಿಲ್ಲ.)

ಮೊಹಲ್ಲಾ ನಂಬರ್ 10

ಬೆಟ್ಟದ ಬಗ್ಗೆ ಮಾತು ವಾಪಸ್ ತಗೊಳ್ಳಲ್ಲ. ಆದರೆ ಟರ್ಫ್ ವಿಷಯ ನಿಜ. ನನ್ನ ಮಗ ಹನ್ನೆರಡು ವರ್ಷದವನು, ಟರ್ಫ್‌ನಲ್ಲಿ ರಾಜ. ಮೊನ್ನೆ ಮಹಾರಾಜ ಕಾಲೇಜು ಮೈದಾನಕ್ಕೆ ಕರೆದುಕೊಂಡು ಹೋದರೆ "ಅಪ್ಪ, ಇದರ ಗೋಡೆ ಎಲ್ಲಿ" ಅಂತ ಕೇಳಿದ.

ಸೀಟಿ

ನಾನು ರೆಫರಿ. ಆ ಫೈನಲ್‌ನಲ್ಲಿ ಇರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನಗೂ ಶುರುವಾಗುತ್ತದೆ.

ಗೋಲ್ ಕಿಕ್, ಥ್ರೋ ಇನ್, ಕಾರ್ನರ್ ಕಿಕ್. ಈ ಮೂರರಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲ. ಎಲ್ಲಿ ಬೇಕಾದರೂ ನಿಂತಿರಬಹುದು. ಲೈನ್ಸ್‌ಮನ್ ಬಾವುಟ ಎತ್ತದೆ ಇದ್ದದ್ದು ನೂರಕ್ಕೆ ನೂರು ಸರಿ. ಇನ್ನು ಮಾಮೂಲಿ ಆಟದಲ್ಲಿ ಆಫ್‌ಸೈಡ್ ನೋಡುವುದು ಪಾಸ್ ಕೊಟ್ಟ ಕ್ಷಣದಲ್ಲಿ ಅವನು ಎಲ್ಲಿದ್ದ ಅಂತ, ಚೆಂಡು ಸಿಕ್ಕಾಗ ಎಲ್ಲಿದ್ದ ಅಂತಲ್ಲ. ಶೇಕಡಾ 90 ಜಗಳ ಇದಕ್ಕೇ ನಡೆಯುತ್ತದೆ (ಇದು ನನ್ನ ಅಂದಾಜಿನ ಲೆಕ್ಕ, ಯಾರೂ ಎಣಿಸಿಲ್ಲ). ತನ್ನ ಅರ್ಧದಲ್ಲೇ ಇದ್ದವನಿಗೂ ಆಫ್‌ಸೈಡ್ ಇಲ್ಲ.

ಇನ್ನೊಂದನ್ನೂ ಹೇಳುತ್ತೇನೆ, ಕಾಲೇಜು ಪಂದ್ಯಗಳಲ್ಲಿ ಈಗಲೂ ತಪ್ಪು ಮಾಡುತ್ತಾರೆ. ಗೋಲ್ ಕಿಕ್ ಹೊಡೆದರೆ ಚೆಂಡು ಗೋಲಿನ ಮುಂದಿನ ಚೌಕ, ಅಂದರೆ ಪೆನಾಲ್ಟಿ ಬಾಕ್ಸ್ ದಾಟಲೇಬೇಕು ಅನ್ನುವುದು 2019ರಲ್ಲೇ ಹೋಯಿತು. ಈಗ ಒಳಗೇ ಪಾಸ್ ತಗೊಳ್ಳಬಹುದು. ನಿಮ್ಮ ಚಿಕ್ಕ ಪಾಸಿನ ಹುಡುಗರಿಗೆ ಇದು ವರ ಅಲ್ವಾ? ಆದರೆ ಪಂದ್ಯದಲ್ಲಿ ಅವರೂ ಎತ್ತಿ ಎತ್ತಿ ಹೊಡೆಯುತ್ತಿದ್ದರು ಅಂತ ಕೇಳಿದೆ.

ಹಳದಿ ಕಾರ್ಡ್ ಬಗ್ಗೆ: ಕ್ಯಾಪ್ಟನ್ ಅಂತ ರಿಯಾಯಿತಿ ಇಲ್ಲ. ತೋಳಿಗೆ ಪಟ್ಟಿ ಕಟ್ಟಿಕೊಂಡವನಿಗೂ ವಾದ ಮಾಡಿದರೆ ಕಾರ್ಡೇ.

ಕೀಪರ್ ತಾಯಿ

ನಮಸ್ಕಾರ. ನನಗೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಎರಡನೇ ಗೋಲು ಕೀಪರ್ ತಪ್ಪು ಅಂತ ಗ್ರೂಪಿನಲ್ಲಿ ಬರೆದದ್ದನ್ನು ಮಗ ತೋರಿಸಲಿಲ್ಲ, ನಾನೇ ನೋಡಿದೆ. ಅದಕ್ಕೆ ಎರಡು ಮಾತು.

ಜೂನ್‌ನಲ್ಲಿ ಕಾಲೇಜು ಮೈದಾನದಲ್ಲಿ ನಾಲ್ಕು ದಿನ ಹಾರಿ ಹಾರಿ ಚೆಂಡು ಹಿಡಿಯುವುದು ಕಲಿಯುತ್ತೇನೆ ಅಂತ ಹೋದ. ಅದು ಗರಸು ನೆಲ. ಸೊಂಟದ ಪಕ್ಕ ಅಂಗೈ ಅಗಲ ಚರ್ಮ ಕಿತ್ತು ಬಂದಿತ್ತು. ರಾತ್ರಿ ಗಾಯಕ್ಕೆ ಬೆಡ್‌ಶೀಟ್ ಅಂಟಿಕೊಂಡು ಬೆಳಗ್ಗೆ ಬಿಸಿನೀರು ಹಾಕಿ ಹಾಕಿ ಬಿಡಿಸಿದ್ದೇನೆ. ಹದಿನೈದು ದಿನ ಒಂದೇ ಮಗ್ಗುಲಲ್ಲಿ ಮಲಗಿದ. ಆಮೇಲೆ ಟರ್ಫ್‌ಗೆ ಹೋಗೋಕೆ ಶುರು ಮಾಡಿದ. ಬಲಗಡೆಗೆ ಬೀಳೋಕೆ ಈಗಲೂ ಹೆದರುತ್ತಾನೆ, ಬಾಯಿಬಿಟ್ಟು ಹೇಳಲ್ಲ. ನಾನು ತಾಯಿ, ನನಗೆ ಕಾಣುತ್ತದೆ. ಫೈನಲ್ ದಿನ ಅವನ ಜರ್ಸಿಯೂ ಎದುರಾಳಿಗಳ ಜರ್ಸಿಯೂ ಒಂದೇ ಬಣ್ಣ ಅಂತ ಹಾಕಿ ತಂಡದ ಯಾರದೋ ಟೀ ಶರ್ಟ್ ತೊಡಿಸಿದ್ದರು. ಎರಡು ಸೈಜ್ ದೊಡ್ಡದು. ತೋಳು ಮಡಚಿಕೊಂಡು ಆಡಿದ.

ಬೈಯುವವರು ಬೈಯಲಿ. ಆದರೆ ಅವನು ಮಲಗಿದ ಮೇಲೆ ಬೈಯಿರಿ, ಫೋನ್ ನೋಡುತ್ತಾ ಊಟ ಬಿಡುತ್ತಾನೆ.

ಹಳೇ ಲೆಫ್ಟ್‌ಬ್ಯಾಕ್

ಅಮ್ಮ, ಕ್ಷಮಿಸಿ. ಗ್ರೂಪಿನಲ್ಲಿ ಹಾಗೆ ಬರೆದವರಲ್ಲಿ ನಾನೂ ಒಬ್ಬ. ಅಳಿಸಿದ್ದೇನೆ.

ಆ ಎರಡನೇ ಗೋಲು 66ನೇ ನಿಮಿಷದ್ದು. ದೂರದಿಂದ ಎತ್ತಿ ಹೊಡೆದದ್ದು, ಮುಂದೆ ಬಂದಿದ್ದ ಅವನ ತಲೆ ಮೇಲಿಂದ ಹೋಗಿ ಅಡ್ಡಕಂಬದ ಕೆಳಗೆ ಇಳಿಯಿತು. ಈಗ ಲೆಕ್ಕ ಹಾಕಿ ನೋಡಿ. ಐದು ಜನರ ಆಟದ ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. ದೊಡ್ಡ ಗೋಲು 7.32 ಮೀಟರ್ ಅಗಲ, 2.44 ಎತ್ತರ. ಹೆಚ್ಚು ಕಡಿಮೆ ಮೂರು ಪಟ್ಟು ಜಾಗ. ಚಿಕ್ಕ ಗೋಲಿನಲ್ಲಿ ಎರಡು ಹೆಜ್ಜೆ ಮುಂದೆ ಬಂದು ಕೈಕಾಲು ಅಗಲಿಸಿದರೆ ಪೂರ್ತಿ ಮುಚ್ಚಿಹೋಗುತ್ತದೆ. ಹುಡುಗ ಕಲಿತದ್ದನ್ನೇ ಮಾಡಿದ. ಸೆಮಿಫೈನಲ್‌ನಲ್ಲಿ ಎರಡು ಪೆನಾಲ್ಟಿ ಹಿಡಿದವನೂ ಇವನೇ ಅಲ್ವಾ, ಅದನ್ನು ಯಾರೂ ಬರೆಯಲಿಲ್ಲ. ಎರಡೂ ಎಡಗಡೆ. ಈಗ ಗೊತ್ತಾಯಿತು ಯಾಕೆ ಅಂತ.

ಹಳೇ ಪೇಪರ್

ಪೆನಾಲ್ಟಿ ಅಂದಿದ್ದಕ್ಕೆ ನೆನಪಾಯಿತು. ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಬಿಟ್ಟ ಹುಡುಗ ಇನ್ನೂ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಾನಂತೆ. ಅವನಿಗೆ ಹೇಳಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಮೇಲೆ ಒಂದೇ ಪಂದ್ಯದಲ್ಲಿ ಎರಡು ಪೆನಾಲ್ಟಿ ಬಿಟ್ಟು 2-1ಕ್ಕೆ ಸೋತಿತ್ತು. ಬಿಟ್ಟವರಲ್ಲಿ ಒಬ್ಬರು ಹೆಸರಾಂತ ಡಿಫೆಂಡರ್ ಸೈಲೇನ್ ಮನ್ನಾ. ಅಂಥವರೇ ಬಿಟ್ಟಿದ್ದಾರೆ. ಆ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ನಮ್ಮ ಮೈಸೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು.

ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿಯನ್ನೂ ಮೈಸೂರು ನಾಲ್ಕು ಸಲ ಗೆದ್ದಿದೆ. ನಮ್ಮೂರಿನಲ್ಲಿ ಫುಟ್‌ಬಾಲ್ ಇತ್ತು ಸ್ವಾಮಿ, ಕ್ರಿಕೆಟ್ ಬಂದು ಹಾಳಾಯಿತು.

ಸೀಟಿ

ಸರ್, ಗೌರವದಿಂದ ಒಂದು ತಿದ್ದುಪಡಿ. ಆ ಮೈಸೂರು ಅಂದರೆ ರಾಜ್ಯ, ಊರಲ್ಲ. 1973ಕ್ಕೆ ಮುಂಚೆ ನಮ್ಮ ರಾಜ್ಯದ ಹೆಸರೇ ಮೈಸೂರು. ಆಟಗಾರರಲ್ಲಿ ಹೆಚ್ಚಿನವರು ಬೆಂಗಳೂರಿನವರು, ರಾಮನ್ ಕೂಡ ಅಲ್ಲಿಯವರೇ. ಮೈಸೂರು ಕೊನೆಯ ಸಲ ಗೆದ್ದದ್ದು 1968-69ರಲ್ಲಿ. ಆಮೇಲೆ ಕರ್ನಾಟಕ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2. ಮಧ್ಯೆ 54 ವರ್ಷ.

ಹಳೇ ಪೇಪರ್

ಊರೋ ರಾಜ್ಯವೋ, ಹೆಸರು ನಮ್ಮದು ತಾನೇ. ಆಯ್ತು ಬಿಡಿ, ಒಪ್ಪಿದೆ.

ಬೈಲಕುಪ್ಪೆ ಬಸ್ಸು

ನಾನು ತಂಡದ ಸ್ಟಾಪರ್. ಕೈ ಎತ್ತಿ ನಿಂತ ನಾಲ್ಕು ಜನರಲ್ಲಿ ಒಬ್ಬ. ನನಗೆ ರೂಲ್ಸ್ ಗೊತ್ತಿತ್ತು. ನಮ್ಮ ಟಿಬೆಟನ್ ಕ್ಯಾಂಪ್‌ನಲ್ಲಿ ಚಿಕ್ಕಂದಿನಿಂದ ದೊಡ್ಡ ಮೈದಾನದಲ್ಲೇ ಆಡಿದ್ದೇನೆ, ಅಣ್ಣಂದಿರು ಗೋಲ್ ಕಿಕ್ ಬಂದರೆ "ಹಿಂದೆ ಹೋಗು, ಹಿಂದೆ ಹೋಗು" ಅಂತ ಕೂಗುತ್ತಿದ್ದರು. ಆದರೆ ಆವತ್ತು ಪಕ್ಕದವನು ಕೈ ಎತ್ತಿದ, ನನ್ನ ಕೈಯೂ ತಾನಾಗಿ ಎದ್ದಿತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಟರ್ಫ್ ಮೇಲೆ ದೂರುವುದು ಸುಲಭ. ನನ್ನ ಮಟ್ಟಿಗೆ ನಾನು ಟರ್ಫ್ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲ.

ಒಂದು ಮಾತ್ರ ಹೇಳುತ್ತೇನೆ. ಹನ್ನೊಂದು ಜನ ಜೊತೆಯಲ್ಲಿ ಆಡದಿದ್ದರೆ ಯಾರು ಕೂಗಬೇಕು ಅನ್ನುವುದು ಗೊತ್ತಾಗುವುದಿಲ್ಲ. ಆವತ್ತು ಯಾರೂ ಕೂಗಲಿಲ್ಲ. ನಾನೇ ಕೂಗಬೇಕಿತ್ತು. ನನ್ನ ಕನ್ನಡಕ್ಕೆ ಹುಡುಗರು ನಗುತ್ತಾರೆ ಅಂತ ಮೈದಾನದಲ್ಲಿ ಬಾಯಿ ಬಿಡುವುದು ಕಡಿಮೆ.

ಬೆಂಚಿನ ಹುಡುಗ

ಲೋ, ನಗುವುದು ಪ್ರೀತಿಯಿಂದ ಕಣೋ. ನಿನ್ನ ಕನ್ನಡ ನಮ್ಮ ಕೇರಳದ ಲೆಫ್ಟ್ ವಿಂಗಿಗಿಂತ ಎಷ್ಟೋ ಮೇಲು. ಅವನು ಇನ್ನೂ ಎಲ್ಲರಿಗೂ "ಬನ್ನಿ ಹೋಗಿ" ಅಂತಾನೆ, ಎದುರಾಳಿ ಫೌಲ್ ಮಾಡಿದರೂ.

ಸಕ್ಕರೆ ನಾಡು

"ಸ್ವಲ್ಪ ಕಾಲು ತೆಗೀರಿ ಸರ್" ಅಂದವನು ಅವನೇನಾ! ನಮ್ಮ ತಮ್ಮ ಮನೆಗೆ ಬಂದು ಹೇಳಿ ಹೇಳಿ ನಕ್ಕಿದ್ದ.

ಹಳೇ ಲೆಫ್ಟ್‌ಬ್ಯಾಕ್

ಸರಿ. ಬೈದದ್ದಾಯಿತು, ನಕ್ಕಿದ್ದೂ ಆಯಿತು. ಮುಂದೇನು ಅಂತ ನೋಡೋಣ. ನಿನ್ನೆ ಪಿಡಿ ಸರ್ ಹತ್ತಿರ ಮಾತಾಡಿದೆ. ಭಾನುವಾರ ಬೆಳಗ್ಗೆ ಆರರಿಂದ ಎಂಟೂವರೆವರೆಗೆ ಕ್ರಿಕೆಟ್‌ನವರು ಬರುವುದಿಲ್ಲವಂತೆ. ಪಿಚ್ ಮೇಲೆ ದಪ್ಪ ಮ್ಯಾಟ್ ಹಾಸಿದರೆ ಅಡ್ಡಿ ಇಲ್ಲ ಅಂದರು. ತಂಡದ ಹನ್ನೊಂದು ಜನ ಒಂದು ಕಡೆ, ನಮ್ಮಂಥ ಹಳಬರು ಇನ್ನೊಂದು ಕಡೆ. ನಾವು ಓಡಲ್ಲ, ಎತ್ತಿ ಎತ್ತಿ ಹೊಡೆಯುತ್ತೇವೆ, ಅವರು ಓಡಲಿ. ನಂಬರ್ 10, ಹೊಟ್ಟೆ ಎಷ್ಟೇ ಇರಲಿ ನೀನು ಬರಬೇಕು. ಸೀಟಿ ಸರ್, ಒಂದು ವಾರವಾದರೂ ಬಂದು ಆಫ್‌ಸೈಡ್ ನಿಂತು ತೋರಿಸಿಕೊಡಿ.

ಕೀಪರ್‌ಗೆ ಗೋಲಿನ ಮುಂದೆ ಮೂರು ಟ್ರ್ಯಾಕ್ಟರ್ ಲೋಡ್ ಮರಳು ಮಿಶ್ರಿತ ಮಣ್ಣು ಹಾಕಿಸಬೇಕು. ಅದು ಹಳೇ ವಿದ್ಯಾರ್ಥಿಗಳ ಕೆಲಸ, ನಾನು ದುಡ್ಡು ಎತ್ತುತ್ತೇನೆ. ಅಲ್ಲಿಯವರೆಗೆ ಸೊಂಟಕ್ಕೆ ಪ್ಯಾಡ್ ಇರುವ ಚಡ್ಡಿ ಸಿಗುತ್ತದೆ, ನನ್ನ ಕಡೆಯಿಂದ ಒಂದು ಕೊಡಿಸುತ್ತೇನೆ. ಅಮ್ಮ, ಅವನ ಸೈಜ್ ಹೇಳಿ.

ಕೀಪರ್ ತಾಯಿ

32. ಸ್ವಲ್ಪ ಸಡಿಲ ಇರಲಿ. ಭಾನುವಾರ ಎಷ್ಟು ಜನ ಬರುತ್ತೀರಿ ಅಂತ ಶನಿವಾರವೇ ತಿಳಿಸಿ, ಇಡ್ಲಿ ಹಿಟ್ಟು ರುಬ್ಬಬೇಕು.

ಮೊಹಲ್ಲಾ ನಂಬರ್ 10

ಇಡ್ಲಿ ಇದ್ದರೆ ನಾನು ಗ್ಯಾರಂಟಿ.

ಬೈಲಕುಪ್ಪೆ ಬಸ್ಸು

ಶನಿವಾರ ಊರಿಗೆ ಹೋಗಲ್ಲ, ಇಲ್ಲೇ ಉಳಿಯುತ್ತೇನೆ. ಊರಿಂದ ಬೆಳಗ್ಗೆ ಆರಕ್ಕೆ ಬಸ್ಸಲ್ಲಿ ಬಂದು ಮುಟ್ಟುವುದು ಆಗಲ್ಲ, 80 ಕಿಲೋಮೀಟರ್.

ಬೆಂಚಿನ ಹುಡುಗ

ಗೆರೆ ಎಳೆಯೋಕೆ ಸುಣ್ಣದ ಪುಡಿ ನಾನು ತರುತ್ತೇನೆ. ಐದು ಕೆಜಿ ಸಾಕಾ?

ಸೀಟಿ

ಪೆನಾಲ್ಟಿ ಬಾಕ್ಸ್ 40 ಮೀಟರ್ ಅಗಲ, 16.5 ಮೀಟರ್ ಉದ್ದ ಕಣಪ್ಪ. ಐದು ಕೆಜಿಯಲ್ಲಿ ಒಂದು ಕಡೆಯದೂ ನೆಟ್ಟಗೆ ಮುಗಿಯಲ್ಲ. ಮೂಟೆ ತಾ.